ತಟ್ಟೆಯಲ್ಲಿ ಕತ್ತಿಯ ಬದಲು ಬೀಸಣಿಗೆ

ಹದಿನೆಂಟನೇ ಶತಮಾನದ ಎಡೋ ನಗರ, ಅಂದರೆ ಈಗಿನ ಟೋಕಿಯೋ. ದೊಡ್ಡ ಮನೆಯೊಂದರ ಅಂಗಳದಲ್ಲಿ ಚಾಪೆ ಹಾಸಿ, ಮೇಲೆ ಬಿಳಿ ಬಟ್ಟೆ ಹೊದಿಸಿದ್ದಾರೆ. ಬಿಳಿ ಉಡುಪಿನ ಸಮುರಾಯ್ ಒಬ್ಬ ಬಂದು ಮಂಡಿಯೂರಿ ಕೂರುತ್ತಾನೆ. ಅವನ ಮುಂದೆ ಪುಟ್ಟ ಮರದ ತಟ್ಟೆ ತಂದಿಡುತ್ತಾರೆ. ಶಾಸ್ತ್ರದ ಪ್ರಕಾರ ಅದರಲ್ಲಿ ಕಾಗದ ಸುತ್ತಿದ ಗಿಡ್ಡ ಕತ್ತಿ ಇರಬೇಕು. ಎಷ್ಟೋ ಸಲ ಅಲ್ಲಿ ಇರುತ್ತಿದ್ದದ್ದು ಬರೀ ಒಂದು ಬೀಸಣಿಗೆ. ಅವನು ಅದಕ್ಕೆ ಕೈ ಚಾಚಿ ಮುಂದೆ ಬಾಗುತ್ತಾನೆ. ಅಷ್ಟರಲ್ಲಿ ಹಿಂದೆ ನಿಂತವನ ಕತ್ತಿ ಬಿದ್ದಿರುತ್ತದೆ. ದಫ್ತರದಲ್ಲಿ ಮಾತ್ರ, ಇಂಥವನು ಸೆಪ್ಪುಕು ಮಾಡಿಕೊಂಡ, ಅಂದರೆ ತಾನೇ ಹೊಟ್ಟೆ ಕೊಯ್ದುಕೊಂಡು ಸತ್ತ ಅಂತ ಬರೆದುಕೊಳ್ಳುತ್ತಾರೆ.

ಇದಕ್ಕೆ ‘ಓಗಿಬರ’ ಎಂದು ಹೆಸರೇ ಇತ್ತು. ಓಗಿ ಅಂದರೆ ಬೀಸಣಿಗೆ. ಹರ ಅಂದರೆ ಹೊಟ್ಟೆ. ಇನ್ನೊಂದು ಪದದ ಜೊತೆ ಸೇರಿದಾಗ ಅದು ‘ಬರ’ ಆಗುತ್ತದೆ. ಬೀಸಣಿಗೆಯಿಂದ ಹೊಟ್ಟೆ ಕೊಯ್ದುಕೊಳ್ಳಲು ಯಾರಿಗೂ ಆಗುವುದಿಲ್ಲ. ಅಲ್ಲಿದ್ದವರಿಗೆಲ್ಲ ಅದು ಗೊತ್ತಿತ್ತು. ನಡೆಯುತ್ತಿದ್ದದ್ದು ತಲೆ ಕಡಿಯುವ ಶಿಕ್ಷೆ. ಅದಕ್ಕೆ ‘ತಾನೇ ಸತ್ತ’ ಎಂಬ ಹೆಸರು ಕೊಡುವುದಕ್ಕೆ ಬೀಸಣಿಗೆ ಬೇಕಿತ್ತು.

ಜಪಾನಿನ ಆತ್ಮಹತ್ಯೆಗಳ ಅಂಕಿಅಂಶ ಸುದ್ದಿಯಾದಾಗಲೆಲ್ಲ ನನಗೆ ಈ ಬೀಸಣಿಗೆ ನೆನಪಾಗುತ್ತದೆ. ಸುದ್ದಿಯ ಕೆಳಗೆ ಯಾರಾದರೂ ಬರೆದೇ ಬರೆಯುತ್ತಾರೆ: ಅದು ಸಮುರಾಯ್ ರಕ್ತ, ಮಾನ ಹೋದರೆ ಅವರು ಬದುಕುವುದಿಲ್ಲ, ಸಾವಿರ ವರ್ಷದ ಸಂಸ್ಕೃತಿ ಅದು. ಕೇಳೋಕೆ ಚೆನ್ನಾಗಿದೆ. ಆದರೆ ಇತಿಹಾಸವನ್ನು ಹತ್ತಿರದಿಂದ ನೋಡಿದರೆ ಬೇರೆಯೇ ಕಥೆ ಕಾಣುತ್ತದೆ. ಸೆಪ್ಪುಕು ಅದರ ಬಹುಪಾಲು ಚರಿತ್ರೆಯಲ್ಲಿ ಮೇಲಿನಿಂದ ಬಂದ ಆಜ್ಞೆಯಾಗಿತ್ತು. ಆ ಆಜ್ಞೆಯನ್ನು ತಲೆಬಾಗಿ ಒಪ್ಪಿಕೊಂಡವನಿಗೆ ಸಿಗುತ್ತಿದ್ದ ಕೂಲಿಯೇ ಮರ್ಯಾದೆ. ಆ ಕೂಲಿಯ ದರ ನಿಗದಿ ಮಾಡುತ್ತಿದ್ದವನೂ ಆಜ್ಞೆ ಕೊಟ್ಟವನೇ.

ನಮ್ಮಲ್ಲಿ ‘ಹರಾಕಿರಿ’ ಎಂಬ ಪದವೇ ಜಾಸ್ತಿ ಬಳಕೆಯಲ್ಲಿದೆ. ಎರಡೂ ಒಂದೇ. ‘ಕೊಯ್ಯು’, ‘ಹೊಟ್ಟೆ’ ಎಂಬ ಎರಡು ಚಿತ್ರಾಕ್ಷರಗಳನ್ನು ಆ ಕ್ರಮದಲ್ಲಿ ಬರೆದರೆ ಸೆಪ್ಪುಕು, ತಿರುಗಿಸಿ ಬರೆದರೆ ಹರಕಿರಿ. ಮೊದಲನೆಯದು ಬರವಣಿಗೆಯ, ಸರ್ಕಾರಿ ಕಾಗದದ ಪದ. ಎರಡನೆಯದು ಆಡುಮಾತು. ಅದು ಸರಿ, ಹೊಟ್ಟೆಯೇ ಯಾಕೆ? ಜಪಾನಿ ಭಾಷೆಯಲ್ಲಿ ಮನಸ್ಸು ಇರುವ ಜಾಗ ಹೊಟ್ಟೆ. ಮನಸ್ಸು ಬಿಚ್ಚಿ ಮಾತಾಡು ಎನ್ನಲು ‘ಹೊಟ್ಟೆ ಸೀಳು’ ಎನ್ನುತ್ತಾರೆ. ನಾವೂ ತಪ್ಪಾಯಿತು, ಹೊಟ್ಟೆಗೆ ಹಾಕಿಕೊಳ್ಳಿ ಅನ್ನುತ್ತೇವಲ್ಲ, ಹೆಚ್ಚುಕಡಿಮೆ ಹಾಗೆಯೇ.

ಶುರುವಾದದ್ದು ರಣರಂಗದಲ್ಲಿ. 1180ರಲ್ಲಿ ಉಜಿ ನದಿಯ ದಡದಲ್ಲಿ ಮಿನಮೊಟೊ ನೊ ಯೊರಿಮಸ ಎಂಬ ಎಪ್ಪತ್ತು ದಾಟಿದ ಸರದಾರ ಯುದ್ಧ ಸೋತ. ಸೇತುವೆಯ ಹಲಗೆ ಕಿತ್ತುಹಾಕಿದರೂ ಶತ್ರುಗಳು ನದಿ ದಾಟಿ ಬಂದರು. ಅವನು ಹತ್ತಿರದ ಬ್ಯೋದೊಇನ್ ದೇವಾಲಯಕ್ಕೆ ಹಿಂದೆ ಸರಿದು, ಹೂ ಬಿಡದ ಮರದಂಥ ತನ್ನ ಬಾಳಿನ ಬಗ್ಗೆ ಒಂದು ಪುಟ್ಟ ಪದ್ಯ ಹೇಳಿ ಸತ್ತ ಎಂದು ಹಳೆಯ ಯುದ್ಧಕಥೆ ಹೇಳುತ್ತದೆ. ಮುಂದಿನ ಕಾಲದವರಿಗೆ ಇದೇ ಮಾದರಿಯಾಯಿತು. ಆದರೆ ಆ ಕಥೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಪದ್ಯವಲ್ಲ. ಅವನ ಬಂಟ ಒಡೆಯನ ತಲೆಗೆ ಕಲ್ಲು ಕಟ್ಟಿ ನದಿಯಲ್ಲಿ ಮುಳುಗಿಸುತ್ತಾನೆ. ಯಾಕೆ?

ಯಾಕೆಂದರೆ ಆ ಕಾಲದ ಯುದ್ಧದಲ್ಲಿ ತಲೆಗೆ ಬೆಲೆಯಿತ್ತು. ಯಾರ ತಲೆ ತಂದೆ ಎಂಬುದರ ಮೇಲೆ ಇನಾಮು. ಕಾಳಗ ಮುಗಿದ ಮೇಲೆ ತಲೆಗಳನ್ನು ತೊಳೆದು, ಕೂದಲು ಬಾಚಿ, ಹೆಸರಿನ ಚೀಟಿ ಕಟ್ಟಿ ಸೇನಾಪತಿಯ ಮುಂದೆ ಸಾಲಾಗಿ ಇಡುತ್ತಿದ್ದರು. ಅವನು ಒಂದೊಂದನ್ನೇ ನೋಡಿ ಲೆಕ್ಕ ಒಪ್ಪಿಸಿಕೊಳ್ಳುತ್ತಿದ್ದ. ಸೆರೆ ಸಿಕ್ಕರೆ ಹಿಂಸೆ, ಮೆರವಣಿಗೆ. ಸತ್ತು ಸಿಕ್ಕರೆ ಬೇರೆಯವನಿಗೆ ಜಹಗೀರು. ಇದೆರಡನ್ನೂ ತಪ್ಪಿಸುವ ದಾರಿ ಅದು. ಸೋತವನ ಲೆಕ್ಕಾಚಾರ, ಧರ್ಮಗ್ರಂಥದ ಮಾತಲ್ಲ.

ಹಾಗಂತ ಎಲ್ಲರೂ ಒಡೆಯನಿಗಾಗಿ ಪ್ರಾಣ ಕೊಡುತ್ತಿದ್ದರು ಅಂದುಕೊಳ್ಳಬೇಡಿ. 1333ರಲ್ಲಿ ಯೋಧರ ಆಡಳಿತದ ಕೇಂದ್ರವಾಗಿದ್ದ ಕಾಮಾಕುರ ಬಿದ್ದಾಗ, ಅಲ್ಲಿ ಆಳುತ್ತಿದ್ದ ಹೋಜೋ ವಂಶದವರೂ ಅವರ ಬಂಟರೂ ಸೇರಿ 870ಕ್ಕೂ ಹೆಚ್ಚು ಮಂದಿ ತೋಶೋಜಿ ದೇವಾಲಯದಲ್ಲಿ ಸತ್ತರು ಎಂದು ಯುದ್ಧಕಥೆಗಳಲ್ಲಿದೆ. ಅದೇ ವರ್ಷ, ಅದೇ ಹೋಜೋಗಳು ಕಳಿಸಿದ ಸರದಾರ ಅಶಿಕಾಗ ತಕಾಉಜಿ ದಾರಿಯಲ್ಲಿ ಪಕ್ಷ ಬದಲಿಸಿ ಅವರ ಮೇಲೇ ತಿರುಗಿಬಿದ್ದ. ಆಮೇಲೆ ಅವನೇ ಶೋಗನ್, ಅಂದರೆ ದೇಶ ಆಳುವ ಸೇನಾಧಿಪತಿ, ಆದ. 1600ರ ಸೆಕಿಗಹರ ಯುದ್ಧದ ಗತಿ ಬದಲಾದದ್ದೂ ಕೊಬಯಾಕವ ಹಿದೆಅಕಿ ಎಂಬ ಯುವ ದೊರೆ ಯುದ್ಧದ ನಡುವೆಯೇ ಮಗ್ಗುಲು ಬದಲಿಸಿದ್ದರಿಂದ. ಆಗಿನ ಸಮುರಾಯ್ ನಿಷ್ಠೆ ಬಹಳಮಟ್ಟಿಗೆ ಕೊಟ್ಟು ತೆಗೆದುಕೊಳ್ಳುವ ವ್ಯವಹಾರ. ಜಮೀನು ಕೊಡುವಷ್ಟು ದಿನ ಒಡೆಯ ಒಡೆಯನೇ.

ಈಗ ಒಂದು ದೋಣಿಯ ಕಥೆಗೆ ಬರೋಣ.

1582. ಪಶ್ಚಿಮ ಜಪಾನಿನ ಬಿಚ್ಚು ಪ್ರಾಂತ್ಯದ ತಕಮತ್ಸು ಕೋಟೆ, ಈಗಿನ ಒಕಯಾಮ ನಗರದ ಹತ್ತಿರ. ಸುತ್ತಲೂ ಜೌಗು ನೆಲ, ದಾಳಿಗೆ ದಾರಿಯಿಲ್ಲ. ಕೋಟೆಯ ಒಡೆಯ ಶಿಮಿಜು ಮುನೆಹರು. ಹೊರಗೆ ಮುತ್ತಿಗೆ ಹಾಕಿದವನು ಟೊಯೊಟೊಮಿ ಹಿದೆಯೋಶಿ, ಆ ಕಾಲದ ಅತಿ ಬಲಿಷ್ಠ ದೊರೆ ಒಡ ನೊಬುನಾಗನ ಸೇನಾಪತಿ. ಅವನು ಪಕ್ಕದ ನದಿಗೆ ಅಡ್ಡವಾಗಿ ಒಡ್ಡು ಕಟ್ಟಿಸಿದ. ಅದು ಮಳೆಗಾಲ. ನೀರು ಏರಿತು. ಕೋಟೆ ಕೆರೆಯ ನಡುವಿನ ದಿಬ್ಬವಾಯಿತು. ಒಳಗಿದ್ದವರಿಗೆ ಅನ್ನ ಮುಗಿಯುತ್ತಾ ಬಂತು.

ಸಂಧಾನದ ಮಾತು ನಡೆಯುತ್ತಿರುವಾಗಲೇ ಕ್ಯೋತೋದಿಂದ ಸುದ್ದಿ ಬಂತು. ನೊಬುನಾಗನನ್ನು ಅವನ ಸರದಾರನೇ ಹೊನ್ನೋಜಿ ದೇವಾಲಯದಲ್ಲಿ ಮುಗಿಸಿದ್ದ. ಹಿದೆಯೋಶಿ ಆ ಸುದ್ದಿ ಹೊರಗೆ ಬಾರದಂತೆ ನೋಡಿಕೊಂಡ. ಅವನಿಗೆ ಎಷ್ಟು ಬೇಗ ಆದರೆ ಅಷ್ಟು ಬೇಗ ಕ್ಯೋತೋಗೆ ಓಡಬೇಕಿತ್ತು. ಎದುರು ಪಕ್ಷದಲ್ಲಿದ್ದ, ಮುನೆಹರುವಿನ ಒಡೆಯರಾದ ಮೋರಿ ವಂಶದವರಿಗೆ ಅದು ಗೊತ್ತಿರಲಿಲ್ಲ. ಕರಾರು ತೀರ್ಮಾನವಾಯಿತು: ಕೋಟೆಯೊಳಗಿನ ಎಲ್ಲರ ಪ್ರಾಣ ಉಳಿಯುತ್ತದೆ, ಮುನೆಹರು ಒಬ್ಬ ಸೆಪ್ಪುಕು ಮಾಡಿಕೊಳ್ಳಬೇಕು.

ಮುನೆಹರು ಒಪ್ಪಿದ. ಎರಡೂ ಸೈನ್ಯಗಳು ನೋಡುತ್ತಿದ್ದಂತೆ ಸಣ್ಣ ದೋಣಿಯಲ್ಲಿ ನೀರಿನ ನಡುವೆ ಬಂದ. ಜೊತೆಗೆ ಅವನ ಅಣ್ಣನೂ ಇದ್ದ. ಹಿದೆಯೋಶಿ ‘ಸಾಕೆ’ ಎಂಬ ಅಕ್ಕಿ ಮದ್ಯ ಕಳಿಸಿಕೊಟ್ಟಿದ್ದ. ಕುಡಿದು, ‘ನೋ’ ಎಂಬ ಹಳೆಯ ಜಪಾನಿ ನಾಟಕದ ಹಾಡೊಂದಕ್ಕೆ ಕುಣಿದು, ಪದ್ಯ ಹೇಳಿ ಸತ್ತ ಎಂಬುದು ಪರಂಪರೆಯ ಕಥೆ. ಹಿದೆಯೋಶಿ ಅವನನ್ನು ಯೋಧರಿಗೇ ಮಾದರಿ ಎಂದು ಹೊಗಳಿದನಂತೆ. ಹೊಗಳಿ, ಸೈನ್ಯ ತಿರುಗಿಸಿಕೊಂಡು ಕ್ಯೋತೋಗೆ ಓಡಿದ. ಕೆಲವೇ ವರ್ಷಗಳಲ್ಲಿ ಇಡೀ ಜಪಾನ್ ಅವನ ಕೈಗೆ ಬಂತು. ಆ ಕೋಟೆಯ ಜಾಗದಲ್ಲಿ ಈಗ ಉದ್ಯಾನವಿದೆ. ಅಲ್ಲಿನ ಕೊಳದಲ್ಲಿ ಪ್ರತಿ ಬೇಸಿಗೆ ಕಮಲ ಅರಳುತ್ತದೆ. ಅದಕ್ಕೂ ಮುನೆಹರುವಿನ ಹೆಸರೇ ಇದೆ.

ಈ ಸಾವಿನಲ್ಲಿ ಧೈರ್ಯ ಇಲ್ಲವೇ? ಖಂಡಿತ ಇದೆ. ಸಾವಿರಾರು ಜನರನ್ನು ಉಳಿಸಿದ ಸಾವು ಅದು. ಆದರೆ ಅದು ಕರಾರಿನ ಒಂದು ಷರತ್ತೂ ಹೌದು. ಗೆದ್ದವನು ಕೇಳಿದ, ಸೋತವನು ಕೊಟ್ಟ. ಗೆದ್ದವನಿಗೆ ತುರ್ತಿತ್ತು, ಸೋತವನಿಗೆ ಅದು ತಿಳಿದಿರಲಿಲ್ಲ. ಇನ್ನೊಂದೆರಡು ದಿನ ತಡೆದಿದ್ದರೆ ಮುನೆಹರು ಬದುಕುತ್ತಿದ್ದನೇನೋ. ಸೋತ ಸರದಾರನನ್ನು ಕಳ್ಳನಂತೆ ಕಡಿಯದೆ ‘ಮರ್ಯಾದೆಯಿಂದ ಸಾಯಲು ಬಿಟ್ಟೆ’ ಎಂದು ಹೇಳಿಕೊಳ್ಳುವ ರೂಢಿ ಗಟ್ಟಿಯಾದದ್ದು ಈ ಕಾಲದಲ್ಲೇ.

ರೂಢಿ ಕೈಗೆ ಬಂದ ಮೇಲೆ ಹಿದೆಯೋಶಿ ಅದನ್ನು ಧಾರಾಳವಾಗಿ ಬಳಸಿದ. 1591ರಲ್ಲಿ ಚಹಾ ಕಲೆಯ ಮಹಾಗುರು ಸೆನ್ ನೊ ರಿಕ್ಯೂಗೆ ಸಾಯಲು ಆಜ್ಞೆ ಹೋಯಿತು. ಅವನು ಯೋಧನೂ ಅಲ್ಲ, ವ್ಯಾಪಾರಿ ಮನೆತನದವನು. 1595ರಲ್ಲಿ ಸರದಿ ಹಿದೆಯೋಶಿಯ ಸೋದರಳಿಯ ಹಿದೆತ್ಸುಗುವಿನದು. ಅವನು ಕೋಯಾ ಬೆಟ್ಟದಲ್ಲಿ ಸತ್ತ. ‘ಮರ್ಯಾದೆಯ ಸಾವು’ ಅಲ್ಲಿಗೇ ಮುಗಿಯಲಿಲ್ಲ. ಅವನ ಹೆಂಡಿರು ಮಕ್ಕಳನ್ನೂ ಕ್ಯೋತೋದ ನದಿ ದಡಕ್ಕೆ ತಂದು ಕಡಿಸಿದರು.

1603ರಲ್ಲಿ ತೊಕುಗಾವ ಶೋಗನ್‌ಗಳ ಆಡಳಿತ ಬಂತು. ಮುಂದಿನ ಎರಡೂವರೆ ಶತಮಾನ ಹೆಚ್ಚುಕಡಿಮೆ ಶಾಂತಿ. ಈಗ ಸಮುರಾಯ್‌ಗೆ ಏನು ಕೆಲಸ? ಸೊಂಟದಲ್ಲಿ ಎರಡು ಕತ್ತಿ, ಕೈಯಲ್ಲಿ ಲೆಕ್ಕದ ಪುಸ್ತಕ. ಸಂಬಳ ಅಕ್ಕಿಯ ಲೆಕ್ಕದಲ್ಲಿ. ಯುದ್ಧವೇ ಇಲ್ಲದಿದ್ದರೆ ಒಡೆಯನಿಗೆ ನಿಷ್ಠೆ ತೋರಿಸುವುದು ಹೇಗೆ? ಒಂದು ದಾರಿ ಉಳಿದಿತ್ತು. ಒಡೆಯ ಕಾಯಿಲೆಯಿಂದ ಸತ್ತರೂ ಅವನ ಹಿಂದೆ ತಾನೂ ಸಾಯುವುದು. ಇದಕ್ಕೆ ‘ಜುನ್‌ಶಿ’ ಎಂದು ಹೆಸರು. 1636ರಲ್ಲಿ ಸೆಂದೈನ ದಾತೆ ಮಸಮುನೆ ಸತ್ತಾಗ 15 ಬಂಟರು ಹಿಂದೆ ಹೋದರು. 1641ರಲ್ಲಿ ಕುಮಮೊತೊದ ಹೊಸೊಕವ ತದತೋಶಿಯ ಹಿಂದೆ 19 ಮಂದಿ. 1657ರಲ್ಲಿ ಸಗದ ನಬೆಶಿಮ ಕತ್ಸುಶಿಗೆಯ ಹಿಂದೆ 26.

ಕನ್ನಡದವರಿಗೆ ಇದು ತೀರಾ ಹೊಸದಲ್ಲ. ಹಳೇಬೀಡಿನ ಹೊಯ್ಸಳೇಶ್ವರ ಗುಡಿಯ ಆವರಣದಲ್ಲಿ ಒಂದು ಗರುಡಗಂಬವಿದೆ. ವೀರಬಲ್ಲಾಳ ತೀರಿಕೊಂಡಾಗ ಹೆಂಡತಿ ಮತ್ತು ಬಂಟರ ಸಮೇತ ಪ್ರಾಣ ಕೊಟ್ಟ ಕುವರ ಲಕ್ಷ್ಮನ ನೆನಪು ಅದು. ತಮ್ಮ ತಲೆ ತಾವೇ ಕಡಿದುಕೊಳ್ಳುವ ವೀರರ ಕೆತ್ತನೆ ಅದರ ಮೇಲಿದೆ. ಗೈಡ್‌ಗಳು ಅದನ್ನು ಅರ್ಧ ನಿಮಿಷದಲ್ಲಿ ದಾಟಿಸಿಬಿಡುತ್ತಾರೆ. ಈ ಎರಡು ಲೋಕಗಳಿಗೂ ಒಂದಕ್ಕೊಂದು ಸಂಬಂಧವೇನೂ ಇರಲಿಲ್ಲ. ಒಡೆಯನ ಅನ್ನದ ಋಣ ಎಂಬ ಮಾತು ಎರಡು ಕಡೆಯೂ ಒಂದೇ ರೀತಿ ಕೆಲಸ ಮಾಡಿತ್ತು, ಅಷ್ಟೆ.

ಜಪಾನಿಗರು ಆ ಕಾಲದಲ್ಲೇ ಈ ಸಾವುಗಳನ್ನು ಕಣ್ಣು ಮುಚ್ಚಿ ಪೂಜಿಸಲಿಲ್ಲ ಎಂಬುದು ನನಗೆ ಇಷ್ಟವಾದ ಸಂಗತಿ. ಅವರು ಜುನ್‌ಶಿಯನ್ನು ಮೂರು ಬಗೆ ಮಾಡಿದ್ದರು. ನಿಜವಾದ ಋಣಕ್ಕಾಗಿ ಸತ್ತರೆ ‘ಗಿಬರ’. ಅವನು ಸತ್ತ, ನಾನು ಸಾಯದಿದ್ದರೆ ಜನ ಏನಂದಾರು ಎಂದು ಸತ್ತರೆ ‘ರೊನ್‌ಬರ’. ತಾನು ಸತ್ತರೆ ಮಕ್ಕಳಿಗೆ ಸಂಬಳ ಏರುತ್ತದೆ, ಮನೆತನಕ್ಕೆ ಒಳ್ಳೆಯದಾಗುತ್ತದೆ ಎಂಬ ಲೆಕ್ಕದಲ್ಲಿ ಸತ್ತರೆ ‘ಅಕಿನಾಯ್‌ಬರ’, ಅಂದರೆ ವ್ಯಾಪಾರದ ಹೊಟ್ಟೆ. ಊರಿನ ಕಟ್ಟೆಯ ಮೇಲೆ ಕೂತವರು ಇಂಥ ಹೆಸರುಗಳನ್ನು ಇಡಬೇಕಾದರೆ ಎಷ್ಟು ಕಂಡಿರಬೇಕು, ಅಲ್ವಾ?

ಕೊನೆಗೆ ಸರ್ಕಾರವೇ ಇದನ್ನು ನಿಲ್ಲಿಸಿತು. 1663ರಲ್ಲಿ ಶೋಗನ್ ಇಎತ್ಸುನನ ಆಡಳಿತ ಜುನ್‌ಶಿ ನಿಷೇಧಿಸಿತು. ಐದೇ ವರ್ಷದಲ್ಲಿ ಪರೀಕ್ಷೆ ಎದುರಾಯಿತು. 1668ರಲ್ಲಿ ಉತ್ಸುನೊಮಿಯದ ದೊರೆ ಒಕುದೈರ ತದಮಸ ಸತ್ತಾಗ ಅವನ ಬಂಟನೊಬ್ಬ ಹಿಂದೆ ಹೋದ. ಸರ್ಕಾರ ಆ ಬಂಟನ ಗಂಡುಮಕ್ಕಳ ತಲೆ ತೆಗೆಸಿತು. ಒಕುದೈರ ಮನೆತನದ 1,10,000 ಕೊಕು ಆದಾಯದಲ್ಲಿ 20,000 ಕಡಿತ ಮಾಡಿ ದೂರದ ಯಮಗತಕ್ಕೆ ವರ್ಗ ಮಾಡಿತು. ಕೊಕು ಅಂದರೆ ಸುಮಾರು ಒಬ್ಬ ಮನುಷ್ಯ ಒಂದು ವರ್ಷ ಉಣ್ಣುವಷ್ಟು ಅಕ್ಕಿ. ಆಮೇಲೆ ಜುನ್‌ಶಿ ಬಹುತೇಕ ನಿಂತೇಹೋಯಿತು. ಶತಮಾನಗಳ ‘ರಕ್ತಗತ ಸಂಸ್ಕೃತಿ’ ಒಂದು ಗಟ್ಟಿ ಕಾನೂನಿಗೆ ಐದಾರು ವರ್ಷದಲ್ಲಿ ಮಣಿಯಿತು. ಮಕ್ಕಳಿಗೆ ಒಳ್ಳೆಯದಾಗುವ ಬದಲು ಮಕ್ಕಳೇ ಉಳಿಯುವುದಿಲ್ಲ ಎಂದಾದ ಮೇಲೆ ಲೆಕ್ಕ ಬದಲಾಯಿತು.

ಈ ನಿಷೇಧದಿಂದಲೇ ಒಂದು ವಿಚಿತ್ರ ಪುಸ್ತಕ ಹುಟ್ಟಿತು. ಸಗ ಪ್ರಾಂತ್ಯದ ಯಮಮೊತೊ ತ್ಸುನೆತೊಮೊ ಒಡೆಯನ ಬಳಿ ಬರವಣಿಗೆಯ, ಪುಸ್ತಕ ನೋಡಿಕೊಳ್ಳುವ ಕೆಲಸದಲ್ಲಿದ್ದವನು. ಒಂದು ಯುದ್ಧವನ್ನೂ ಕಂಡವನಲ್ಲ. 1700ರಲ್ಲಿ ಒಡೆಯ ಸತ್ತಾಗ ಹಿಂದೆ ಹೋಗುವ ಆಸೆಯಿತ್ತು, ಕಾನೂನು ಬಿಡಲಿಲ್ಲ. ತಲೆ ಬೋಳಿಸಿ ಸನ್ಯಾಸಿಯಾದ. ಬೆಟ್ಟದ ಗುಡಿಸಲಿನಲ್ಲಿ ಕೂತು ಕಿರಿಯನೊಬ್ಬನಿಗೆ ಏಳು ವರ್ಷ ತನ್ನ ಮನಸ್ಸಿನದನ್ನೆಲ್ಲ ಹೇಳಿ ಬರೆಸಿದ. ಅದೇ ‘ಹಗಕುರೆ’. ಯೋಧನ ದಾರಿ ಇರುವುದು ಸಾವಿನಲ್ಲಿ ಎಂಬ ಅದರ ಸಾಲು ಇವತ್ತು ಟೀಶರ್ಟುಗಳ ಮೇಲೂ ಸಿಗುತ್ತದೆ. ಹೇಳಿದವನು ಅರವತ್ತರ ಹತ್ತಿರ ಬದುಕಿ ಹಾಸಿಗೆಯಲ್ಲಿ ಸತ್ತ. ಅವನ ಕಾಲದಲ್ಲಿ ಆ ಪುಸ್ತಕ ಸಗದ ಹೊರಗೆ ಯಾರಿಗೂ ಗೊತ್ತಿರಲಿಲ್ಲ. ಅದು ದೇಶಕ್ಕೆಲ್ಲ ಪ್ರಿಯವಾದದ್ದು 1930ರ ದಶಕದಲ್ಲಿ, ಸೈನ್ಯಕ್ಕೆ ಅಂಥ ಸಾಲುಗಳು ಬೇಕಾದಾಗ. ನನ್ನ ಕಿವಿಗೆ ಆ ಪುಸ್ತಕ ಒಬ್ಬ ನಿವೃತ್ತ ಗುಮಾಸ್ತನ ಗೊಣಗಾಟದಂತೆ ಕೇಳುತ್ತದೆ: ನಮ್ಮ ಕಾಲವೇ ಚೆನ್ನಾಗಿತ್ತು, ಈಗಿನ ಹುಡುಗರಿಗೆ ದುಡ್ಡು, ಬಟ್ಟೆ, ಹೆಣ್ಣು ಬಿಟ್ಟು ಬೇರೆ ಮಾತಿಲ್ಲ.

ಸೆಪ್ಪುಕು ಆಡಳಿತದ ಕೈಯಲ್ಲಿ ಹೇಗೆ ಕೆಲಸ ಮಾಡುತ್ತಿತ್ತು ಎಂದು ನೋಡಬೇಕಾದರೆ ಅಕೋ ಪ್ರಕರಣಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ. ‘47 ರೋನಿನ್’ ಎಂಬ ಹೆಸರಿನಲ್ಲಿ ನೀವೂ ಕೇಳಿರುತ್ತೀರಿ. 1701ರಲ್ಲಿ ಎಡೋ ಕೋಟೆಯೊಳಗೆ ಅಕೋ ಪ್ರಾಂತ್ಯದ ಯುವ ದೊರೆ ಅಸಾನೊ ನಗನೊರಿ ಕಿರ ಎಂಬ ಹಿರಿಯ ಅಧಿಕಾರಿಯ ಮೇಲೆ ಕತ್ತಿ ಬೀಸಿದ. ಕಿರನಿಗೆ ಗಾಯವಾಯಿತು, ಪ್ರಾಣ ಉಳಿಯಿತು. ಚಕ್ರವರ್ತಿಯ ದೂತರು ಬಂದಿದ್ದ ದಿನ ಅದು. ಶೋಗನ್ ತ್ಸುನಯೋಶಿ ಕೆಂಡವಾದ. ಸರಿಯಾದ ವಿಚಾರಣೆಯಿಲ್ಲದೆ ಅದೇ ಸಂಜೆ ಅಸಾನೊಗೆ ಸೆಪ್ಪುಕು. ಅದೂ ಮನೆಯೊಳಗಲ್ಲ, ಬೇರೊಬ್ಬ ದೊರೆಯ ಮನೆಯ ತೋಟದಲ್ಲಿ. ಒಂದು ಪ್ರಾಂತ್ಯದ ಒಡೆಯನನ್ನು ಹೊರಗೆ ಕೂರಿಸಿ ಸಾಯಿಸುವುದೇ ಎಂದು ಅಲ್ಲಿದ್ದ ಒಬ್ಬ ಕಿರಿಯ ಅಧಿಕಾರಿ ಆಕ್ಷೇಪ ಎತ್ತಿದ್ದ. ಮರ್ಯಾದೆಗೆ ಎಷ್ಟು ಮೆಟ್ಟಿಲುಗಳಿದ್ದವು ನೋಡಿ. ಸಾಯುವ ಮನುಷ್ಯ ಒಬ್ಬನೇ. ಆದರೆ ಒಳಗೆ ಸತ್ತರೆ ಒಂದು ಅಂತಸ್ತು, ಹೊರಗೆ ಸತ್ತರೆ ಇನ್ನೊಂದು.

ಜಗಳವಾದರೆ ಎರಡೂ ಕಡೆಯವರಿಗೆ ಶಿಕ್ಷೆ ಎಂಬುದು ಯೋಧರ ಹಳೆಯ ಪದ್ಧತಿ. ಕಿರನಿಗೆ ಏನೂ ಆಗಲಿಲ್ಲ. ಅಕೋ ಪ್ರಾಂತ್ಯ ಸರ್ಕಾರದ ವಶವಾಯಿತು. ನೂರಾರು ಸಮುರಾಯ್‌ಗಳು ಕೆಲಸ ಕಳೆದುಕೊಂಡು ರೋನಿನ್, ಅಂದರೆ ಒಡೆಯನಿಲ್ಲದವರು, ಆದರು. ಅವರಲ್ಲಿ ಅಸಾನೊನ ಹಿರಿಯ ಬಂಟ ಓಯಿಶಿ ಕುರನೊಸುಕೆಯೂ ಸೇರಿ 47 ಮಂದಿ ಒಟ್ಟಾಗಿ ನಿಂತರು. ಸುಮಾರು ಎರಡು ವರ್ಷ ಕಾದರು. ಜಪಾನಿ ಪಂಚಾಂಗದ ಲೆಕ್ಕದಲ್ಲಿ 1702ರ ಹನ್ನೆರಡನೇ ತಿಂಗಳ 14ರ ರಾತ್ರಿ ಕಿರನ ಮನೆಗೆ ನುಗ್ಗಿ ಅವನ ತಲೆ ತೆಗೆದರು. ಅದನ್ನು ಸೆಂಗಾಕುಜಿ ದೇವಾಲಯದಲ್ಲಿದ್ದ ಒಡೆಯನ ಸಮಾಧಿಯ ಮುಂದೆ ಇಟ್ಟು, ಸರ್ಕಾರಕ್ಕೆ ತಾವೇ ಸುದ್ದಿ ಮುಟ್ಟಿಸಿದರು.

ಈಗ ಸರ್ಕಾರಕ್ಕೆ ತಲೆನೋವು. ಊರೆಲ್ಲ ಅವರನ್ನು ಹೊಗಳುತ್ತಿದೆ. ಒಡೆಯನಿಗೆ ನಿಷ್ಠೆ ತೋರಿಸಿ ಎಂದು ಕಲಿಸಿದ್ದೂ ಸರ್ಕಾರವೇ. ಬಿಟ್ಟುಬಿಟ್ಟರೆ ನಾಳೆ ಪ್ರತಿಯೊಬ್ಬನೂ ಗುಂಪು ಕಟ್ಟಿಕೊಂಡು ಸೇಡು ತೀರಿಸಲು ಹೊರಡುತ್ತಾನೆ. ಕಳ್ಳರಂತೆ ತಲೆ ಕಡಿಸಿದರೆ ನಿಷ್ಠೆಗೇ ಅವಮಾನ. ವಿದ್ವಾಂಸ ಓಗ್ಯೂ ಸೊರಾಯ್ ಕೊಟ್ಟ ಸಲಹೆ ಜಾಣತನದ್ದು: ಅವರು ಮಾಡಿದ್ದು ಒಡೆಯನ ಋಣಕ್ಕೆ, ಅದು ಅವರ ಸ್ವಂತ ವಿಷಯ. ಕಾನೂನು ಎಲ್ಲರದು. ಅವರಿಗೆ ಸೆಪ್ಪುಕು ಕೊಡಿ, ಅವರ ಮಾನವೂ ಉಳಿಯುತ್ತದೆ, ಕಾನೂನೂ ಉಳಿಯುತ್ತದೆ. 1703ರಲ್ಲಿ ನಾಲ್ಕು ದೊರೆಗಳ ಮನೆಗಳಲ್ಲಿ ಹಂಚಿ ಇರಿಸಿದ್ದ 46 ಮಂದಿ ಒಂದೇ ದಿನ ಸತ್ತರು. ಹೊಸೊಕವ ಮನೆಯಲ್ಲಿ 17, ಮತ್ಸುದೈರ ಮನೆಯಲ್ಲಿ 10, ಮೋರಿ ಮನೆಯಲ್ಲಿ 10, ಮಿಜುನೊ ಮನೆಯಲ್ಲಿ 9. ನಲವತ್ತೇಳನೆಯವನು ಆ ಲೆಕ್ಕದಲ್ಲಿ ಇರಲಿಲ್ಲ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಎನ್ನುತ್ತಾರಲ್ಲ, ಅದರ ಜಪಾನಿ ರೂಪ ಇದು.

ಎಲ್ಲರೂ ಮೆಚ್ಚಲಿಲ್ಲ ಎಂಬುದನ್ನೂ ಹೇಳಬೇಕು. ಹಗಕುರೆಯ ತ್ಸುನೆತೊಮೊಗೇ ಅವರ ಮೇಲೆ ತಕರಾರಿತ್ತು. ಅಷ್ಟು ದಿನ ಕಾಯುವುದು ಏಕೆ, ಅಷ್ಟರಲ್ಲಿ ಕಿರ ಕಾಯಿಲೆ ಬಂದು ಸತ್ತಿದ್ದರೆ ಏನು ಮಾಡುತ್ತಿದ್ದರು ಎಂದು ಅವನು ಕೇಳಿದ. ಪ್ರಶ್ನೆ ಸರಿಯಾಗೇ ಇದೆ. ಕೇಳಿದವನು ಯಾರು ಎಂಬುದಷ್ಟೇ ಸ್ವಲ್ಪ ನಗು ತರಿಸುತ್ತದೆ.

ಎಡೋ ಕಾಲದ, ಅಂದರೆ ತೊಕುಗಾವ ಆಡಳಿತದ, ಸೆಪ್ಪುಕು ಹೀಗೆ ಒಂದು ಜಾತಿ ಸವಲತ್ತಾಗಿತ್ತು. ಒಂದೇ ತಪ್ಪಿಗೆ ರೈತನಿಗೆ ಕೊಡುವ ಸಾವು ಬೇರೆ, ಸಮುರಾಯ್‌ಗೆ ಬೇರೆ. ರೈತನ ತಲೆಯನ್ನು ಕಂಬದ ಮೇಲೆ ಇಡುತ್ತಿದ್ದರು. ಸಮುರಾಯ್‌ನ ದೇಹ ಮನೆಯವರಿಗೆ ಸಿಗುತ್ತಿತ್ತು. ಸಾಮಾನ್ಯವಾಗಿ ಮನೆತನದ ಹೆಸರೂ ಉಳಿಯುತ್ತಿತ್ತು. ಒಪ್ಪದೆ ಓಡಿಹೋದರೆ ಹೆಂಡತಿ ಮಕ್ಕಳ ಗತಿ ಏನು ಎಂಬುದು ಅವನಿಗೆ ಗೊತ್ತಿತ್ತು. ಹೀಗಿರುವಾಗ ‘ತಾನೇ ಒಪ್ಪಿ ಸತ್ತ’ ಎಂಬ ಮಾತಿಗೆ ಎಷ್ಟು ತೂಕ?

ಈ ಪದ್ಧತಿಯ ಕೊನೆಯ ದಿನಗಳನ್ನು ಹೊರಗಿನವರೂ ಕಂಡರು. 1868ರ ಫೆಬ್ರುವರಿಯಲ್ಲಿ ಕೋಬೆಯಲ್ಲಿ ಬಿಜೆನ್ ಪ್ರಾಂತ್ಯದ ಸೈನಿಕರು ವಿದೇಶಿಯರ ಮೇಲೆ ಗುಂಡು ಹಾರಿಸಿದರು. ಯಾರೂ ಸಾಯಲಿಲ್ಲ. ಆದರೂ ಅಧಿಕಾರಿ ತಾಕಿ ಜೆನ್‌ಜಬುರೊ ವಿದೇಶಿ ಪ್ರತಿನಿಧಿಗಳ ಕಣ್ಣೆದುರೇ ಸೆಪ್ಪುಕು ಮಾಡಿಕೊಳ್ಳಬೇಕಾಯಿತು. ಕ್ಷಮೆ ಕೊಡಬಹುದೇ ಎಂದು ವಿದೇಶಿ ರಾಯಭಾರಿಗಳು ಚರ್ಚಿಸಿ, ಬೇಡ ಎಂದು ತೀರ್ಮಾನಿಸಿದ್ದರು. ಮುಂದಿನ ತಿಂಗಳೇ ಸಕಾಯ್ ಬಂದರಿನಲ್ಲಿ ತೋಸ ಪ್ರಾಂತ್ಯದ ಸೈನಿಕರು 11 ಫ್ರೆಂಚ್ ನಾವಿಕರನ್ನು ಕೊಂದರು. ಇಪ್ಪತ್ತು ಮಂದಿಗೆ ಮರಣದಂಡನೆ. ಅವರಲ್ಲಿ ಸಾಮಾನ್ಯ ಸೈನಿಕರನ್ನು ಆರಿಸಿದ್ದು ಚೀಟಿ ಎತ್ತಿ. ಮ್ಯೋಕೊಕುಜಿ ದೇವಾಲಯದಲ್ಲಿ ಒಬ್ಬೊಬ್ಬರನ್ನಾಗಿ ಕರೆದರು. ಹನ್ನೊಂದನೆಯವನಾದ ಮೇಲೆ ಫ್ರೆಂಚ್ ಕ್ಯಾಪ್ಟನ್ ಸಾಕು ನಿಲ್ಲಿಸಿ ಎಂದ. ಹನ್ನೊಂದಕ್ಕೆ ಹನ್ನೊಂದು ಎಂಬ ಲೆಕ್ಕವೋ, ನೋಡಲಾಗಲಿಲ್ಲವೋ, ಬೇರೆ ಬೇರೆ ಮಾತುಗಳಿವೆ. ಉಳಿದ ಒಂಬತ್ತು ಮಂದಿ ಬದುಕಿದರು. ಚೀಟಿಯಲ್ಲಿ ಬಂದ ಸಾವನ್ನು ಮಾನಕ್ಕಾಗಿ ಸತ್ತ ಸಾವು ಎನ್ನುವುದು ನನಗಂತೂ ಕಷ್ಟ.

ಶೋಗನ್ ಆಡಳಿತ ಬಿದ್ದ ಮೇಲೆ, 1869ರಲ್ಲಿ, ಓನೊ ಸೆಯ್‌ಗೊರೊ ಎಂಬ ಸದಸ್ಯ ಹೊಸ ಸರ್ಕಾರದ ಸಭೆಯಲ್ಲಿ ಸೆಪ್ಪುಕು ರದ್ದಾಗಲಿ ಎಂದ. 209 ಸದಸ್ಯರಲ್ಲಿ 200 ಮಂದಿ ವಿರೋಧಿಸಿದರು. ನಾಲ್ಕು ವರ್ಷದ ನಂತರ, 1873ರಲ್ಲಿ, ಅದೇ ಶಿಕ್ಷೆ ಕಾನೂನಿನಿಂದ ಹೊರಟುಹೋಯಿತು. 1876ರಲ್ಲಿ ಸೊಂಟದ ಕತ್ತಿಯೂ ಹೋಯಿತು. ಸಮುರಾಯ್ ಎಂಬ ವರ್ಗವೇ ಮುಗಿಯಿತು.

ವರ್ಗ ಮುಗಿದ ಮೇಲೆ ಕಥೆ ಬೆಳೆಯಿತು. ಸಮುರಾಯ್‌ಗಳ ಮಾನ, ಸಾವು, ನಿಷ್ಠೆ ಎಂದು ಜಗತ್ತಿಗೆ ಇವತ್ತು ಗೊತ್ತಿರುವುದರ ದೊಡ್ಡ ಪಾಲು ಬಂದದ್ದು ನಿತೊಬೆ ಇನಾಜೊ ಬರೆದ ‘ಬುಶಿದೊ’ ಎಂಬ ಪುಸ್ತಕದಿಂದ. ನಿತೊಬೆ ಕೃಷಿ ಓದಿದವನು, ಕ್ವೇಕರ್ ಪಂಥದ ಕ್ರೈಸ್ತ, ಅಮೆರಿಕದ ಹೆಣ್ಣನ್ನು ಮದುವೆಯಾದವನು. ಆ ಪುಸ್ತಕವನ್ನು ಅಮೆರಿಕದಲ್ಲಿ ಕೂತು ಇಂಗ್ಲಿಷಿನಲ್ಲಿ ಬರೆದ. ಶಾಲೆಯಲ್ಲಿ ಧರ್ಮ ಕಲಿಸದೆ ನೀತಿ ಹೇಗೆ ಕಲಿಸುತ್ತೀರಿ ಎಂದು ಒಬ್ಬ ಬೆಲ್ಜಿಯಂ ವಿದ್ವಾಂಸ ಕೇಳಿದ ಪ್ರಶ್ನೆಗೆ ಅದು ಉತ್ತರವಾಗಿತ್ತು. ಜಪಾನಿ ಅನುವಾದ ಬಂದದ್ದು 1908ರಲ್ಲಿ. ಯೂರೋಪಿನ ನೈಟ್‌ಗಳಂತೆ ನಮ್ಮಲ್ಲೂ ಇದ್ದರು ಎಂದು ತೋರಿಸುವ ಹಂಬಲ ಪುಟಪುಟದಲ್ಲೂ ಕಾಣುತ್ತದೆ. ವಸಾಹತು ಕಾಲದಲ್ಲಿ ನಮ್ಮವರೂ ಇಂಥ ಪುಸ್ತಕಗಳನ್ನು ಬರೆದಿದ್ದಾರೆ, ಹಾಗಾಗಿ ಆ ಹಂಬಲದ ಮೇಲೆ ನನಗೆ ಸಿಟ್ಟಿಲ್ಲ. ಅದನ್ನೇ ಚರಿತ್ರೆ ಎಂದು ಓದುವವರ ಮೇಲೆ ಸ್ವಲ್ಪ ಇದೆ.

1912ರ ಸೆಪ್ಟೆಂಬರ್ 13. ಮೇಜಿ ಚಕ್ರವರ್ತಿಯ ಶವಯಾತ್ರೆ ಹೊರಟ ಸಂಜೆ ಜನರಲ್ ನೊಗಿ ಮರೆಸುಕೆ ಮತ್ತು ಹೆಂಡತಿ ಶಿಜುಕೊ ಮನೆಯಲ್ಲಿ ಪ್ರಾಣ ಬಿಟ್ಟರು. ನಿಷೇಧವಾಗಿ 249 ವರ್ಷವಾದ ಮೇಲೆ ಜುನ್‌ಶಿ ಮತ್ತೆ ಎದ್ದು ಬಂತು. ದೇಶ ಎರಡು ಭಾಗವಾಯಿತು. ಕೆಲವರಿಗೆ ಅವನು ದೇವರಾದ, ಗುಡಿಯೂ ಆಯಿತು. ಕೆಲವು ಪತ್ರಿಕೆಗಳು ಇದು ಕಾಲಕ್ಕೆ ಸಲ್ಲದ್ದು ಎಂದವು. ಹೊಸ ಪೀಳಿಗೆಯ ಕೆಲವು ಬರಹಗಾರರು ಗೇಲಿ ಮಾಡಿದರು. ಆದರೆ ಶಾಲೆ ಮತ್ತು ಬ್ಯಾರಕ್‌ಗಳಿಗೆ ಹೋದದ್ದು ಗುಡಿಯ ನೊಗಿಯೇ. 1941ರಲ್ಲಿ ಯುದ್ಧಮಂತ್ರಿ ತೊಜೊ ಹೆಸರಿನಲ್ಲಿ ಹೊರಟ ‘ಸೆನ್‌ಜಿನ್‌ಕುನ್’ ಎಂಬ ಸೂಚನೆ, ಬದುಕಿ ಸೆರೆಯ ಅವಮಾನ ಅನುಭವಿಸಬೇಡಿ ಎಂದು ಪ್ರತಿ ಸೈನಿಕನಿಗೆ ಹೇಳಿತು. ಒಂದು ಕಾಲದಲ್ಲಿ ಮೇಲ್ವರ್ಗಕ್ಕೆ ಮಾತ್ರ ಇದ್ದ ಸವಲತ್ತು ಈಗ ರೈತನ ಮಗನ ಕರ್ತವ್ಯವಾಯಿತು. ತೊಜೊ ಮಾತ್ರ 1945ರಲ್ಲಿ ಎದೆಗೆ ಗುಂಡು ಹೊಡೆದುಕೊಂಡು ಬದುಕಿ ಉಳಿದು, ಸೆರೆಯಾದ.

ಒಕಿನಾವಾದಲ್ಲಿ ಇದರ ಬೆಲೆ ತೆತ್ತವರು ಸೈನಿಕರೂ ಅಲ್ಲ. 1945ರ ಮಾರ್ಚ್ ಕೊನೆಯಲ್ಲಿ ಅಮೆರಿಕದ ಸೈನ್ಯ ಬಂದಿಳಿದಾಗ, ತೊಕಶಿಕಿ ಎಂಬ ಪುಟ್ಟ ದ್ವೀಪದಲ್ಲಿ ಮುನ್ನೂರಕ್ಕೂ ಹೆಚ್ಚು ಹಳ್ಳಿಗರು ಒಟ್ಟಾಗಿ ಸತ್ತರು. ಜಪಾನಿ ಸೈನ್ಯವೇ ಗ್ರೆನೇಡ್ ಹಂಚಿತ್ತು ಎಂದು ಬದುಕುಳಿದವರು ಹೇಳುತ್ತಲೇ ಬಂದರು. 2007ರಲ್ಲಿ ಶಿಕ್ಷಣ ಸಚಿವಾಲಯ, ಸೈನ್ಯದ ಒತ್ತಾಯದಿಂದ ಎಂಬ ಮಾತನ್ನು ಪಠ್ಯಪುಸ್ತಕಗಳಿಂದ ತೆಗೆಯಲು ಹೊರಟಿತು. ಸೆಪ್ಟೆಂಬರ್ 29ರಂದು ಗಿನೊವಾನ್‌ನಲ್ಲಿ ಸೇರಿದ ಜನ 1,10,000 ಎಂದು ಸಂಘಟಕರು ಹೇಳಿದರು. ಅದು ಒಕಿನಾವಾ ಕಂಡ ಅತಿ ದೊಡ್ಡ ಪ್ರತಿಭಟನೆಗಳಲ್ಲಿ ಒಂದು. ಜಗಳ ಪದದ್ದು. ‘ಶೂದಾನ್ ಜಿಕೆತ್ಸು’ ಅಂದರೆ ಗುಂಪಾಗಿ ತಾವೇ ತೀರ್ಮಾನಿಸಿ ಸತ್ತದ್ದು. ಒಕಿನಾವಾದ ಅನೇಕರು ಆ ಪದ ಬೇಡ, ‘ಬಲವಂತದ ಸಾವು’ ಎನ್ನಿ ಅನ್ನುತ್ತಾರೆ. ಮೂರು ವರ್ಷದ ಮಗು ಏನು ತೀರ್ಮಾನಿಸುತ್ತದೆ ಎಂಬುದು ಅವರ ಪ್ರಶ್ನೆ.

ಈಗ ಮತ್ತೆ ಅಂಕಿಅಂಶಕ್ಕೆ. 1997ರಲ್ಲಿ ಜಪಾನಿನಲ್ಲಿ 24,391 ಆತ್ಮಹತ್ಯೆಗಳಾದವು. 1998ರಲ್ಲಿ 32,863. ಒಂದೇ ವರ್ಷದಲ್ಲಿ ಎಂಟು ಸಾವಿರ ಜಾಸ್ತಿ. ಸಮುರಾಯ್ ರಕ್ತ ಒಂದು ವರ್ಷದಲ್ಲಿ ದಿಢೀರನೆ ಕುದಿಯಿತೇ? 1997ರ ನವೆಂಬರಿನಲ್ಲಿ ಯಮಾಯಿಚಿ ಸೆಕ್ಯುರಿಟೀಸ್ ಮತ್ತು ಹೊಕ್ಕಾಯ್ದೊ ತಕುಶೊಕು ಬ್ಯಾಂಕ್ ಮುಳುಗಿದವು. ಸಾಲ ಕೊಡುತ್ತಿದ್ದವರು ಕೈ ಎತ್ತಿದರು, ಸಣ್ಣ ಕಂಪನಿಗಳು ಬಾಗಿಲು ಹಾಕಿದವು, ಕೆಲಸಗಳು ಹೋದವು. ಸಂಖ್ಯೆ ಜಾಸ್ತಿ ಏರಿದ್ದು ನಡುವಯಸ್ಸಿನ ಗಂಡಸರಲ್ಲಿ. 2003ರಲ್ಲಿ ಅದು 34,427ಕ್ಕೆ ಮುಟ್ಟಿತು. 2006ರಲ್ಲಿ ಆತ್ಮಹತ್ಯೆ ತಡೆ ಕಾನೂನು ಬಂತು. ಇದು ಒಬ್ಬರ ಸ್ವಂತ ವಿಷಯವಲ್ಲ, ಸಮಾಜದ ಹೊಣೆ ಎಂದು ಅದು ಹೇಳಿತು. ಬಡ್ಡಿ ಸಾಲಕ್ಕೆ ಕಡಿವಾಣ ಬಿತ್ತು, ಊರೂರಿನಲ್ಲಿ ಸಲಹಾ ಕೇಂದ್ರಗಳು ಬಂದವು. 2019ಕ್ಕೆ ಸಂಖ್ಯೆ 20,169. 2024ರಲ್ಲಿ 20,320. ಎರಡು ದಶಕದಲ್ಲಿ ಮೂರನೇ ಒಂದಕ್ಕಿಂತ ಹೆಚ್ಚು ಇಳಿಯಿತು, 1668ರ ನಂತರ ಜುನ್‌ಶಿ ಇಳಿದ ಹಾಗೆ. ಶಾಲಾ ಮಕ್ಕಳ ಲೆಕ್ಕ ಮಾತ್ರ ಇಳಿದಿಲ್ಲ, 2024ರಲ್ಲೂ ಅದು 500ರ ಮೇಲೇ ಇತ್ತು. ಜಪಾನಿನ ಈಗಿನ ದೊಡ್ಡ ಚಿಂತೆ ಅದು. ಅದಕ್ಕೂ ಕತ್ತಿಗೂ ಯಾವ ಸಂಬಂಧವೂ ಇಲ್ಲ.

ಆದರೂ ಹಳೆಯ ಮಾತು ಬೇಕೆಂದಾಗ ಹೊರಗೆ ಬರುತ್ತದೆ. 2007ರಲ್ಲಿ ಹಣದ ಹಗರಣದಲ್ಲಿ ಸಿಕ್ಕ ಕೃಷಿಮಂತ್ರಿ ಮತ್ಸುಓಕ ತೊಶಿಕತ್ಸು ಪ್ರಾಣ ಕಳೆದುಕೊಂಡಾಗ, ಟೋಕಿಯೋದ ಗವರ್ನರ್ ಇಶಿಹರ ಶಿಂತಾರೊ ಅವರನ್ನು ಸಮುರಾಯ್ ಎಂದು ಕರೆದರು. ಹಗರಣದ ಉಳಿದ ಪ್ರಶ್ನೆಗಳಿಗೆ ಉತ್ತರ ಹೇಳಬೇಕಿದ್ದ ಮನುಷ್ಯ ಇನ್ನಿರಲಿಲ್ಲ.

ಜಪಾನಿ ಆಡುಮಾತು ಈ ವಿಷಯದಲ್ಲಿ ನಾಯಕರಿಗಿಂತ ನೇರ. ಅಲ್ಲಿನ ಆಫೀಸುಗಳಲ್ಲಿ ಹೊಟ್ಟೆ ಕೊಯ್ಯುವ ಎರಡು ಮಾತು ಇವತ್ತಿಗೂ ದಿನಬಳಕೆಯಲ್ಲಿವೆ. ಒಂದು ‘ಜಿಬರ’, ಸ್ವಂತ ಹೊಟ್ಟೆ ಕೊಯ್ಯುವುದು. ಕಂಪನಿ ಕೊಡಬೇಕಾದ ಊಟದ ಬಿಲ್ಲನ್ನು ನೀವು ಜೇಬಿನಿಂದ ಕೊಟ್ಟರೆ ಹಾಗೆನ್ನುತ್ತಾರೆ. ಇನ್ನೊಂದು ‘ತ್ಸುಮೆಬರ’. ಹಿಂದೆ, ಇಷ್ಟವಿಲ್ಲದವನಿಂದ ಬಲವಂತವಾಗಿ ಮಾಡಿಸುತ್ತಿದ್ದ ಸೆಪ್ಪುಕುವಿಗೆ ಆ ಹೆಸರಿತ್ತು. ಈಗ ಮೇಲಿನವರ ತಪ್ಪಿಗೆ ಕೆಳಗಿನ ಮ್ಯಾನೇಜರ್ ಒಬ್ಬನಿಂದ ರಾಜೀನಾಮೆ ಬರೆಸಿಕೊಂಡರೆ, ಪಕ್ಕದ ಮೇಜಿನವರು ಆ ಪದವನ್ನೇ ಬಳಸುತ್ತಾರೆ. ನೋಟಿಸ್ ಬೋರ್ಡಿನಲ್ಲಿ ಮಾತ್ರ ‘ವೈಯಕ್ತಿಕ ಕಾರಣಗಳಿಂದ’ ಎಂದಿರುತ್ತದೆ.